ಚರ್ಚಿನ ಮೆಟ್ಟಿಲಲ್ಲಿ ಬಿಟ್ಟ ಶೂ

ಜರ್ಮನಿಯ ಆಖೆನ್ ಊರಿನ ಹತ್ತಿರದ ಹಳ್ಳಿಯೊಂದರ ಹಳೆಯ ಚರ್ಚು. ಒಳಗೆ ಯಾರೂ ಇಲ್ಲ. ಖಾಲಿ ಬೆಂಚುಗಳ ಮೇಲೆ ಬಣ್ಣದ ಗಾಜಿನ ಬೆಳಕು ಬಿದ್ದಿತ್ತು. ನನಗೆ ಬೇಕಾಗಿದ್ದ ಫೋಟೊ ಅದೇ. ಕಲ್ಲಿನ ನೆಲದ ಥಂಡಿ ಕಾಲ್ಚೀಲ ದಾಟಿ ಕೊರೆಯುತ್ತಿತ್ತು. ಮೈಸೂರಿನ ಅಭ್ಯಾಸ, ಶೂ ಹೊರಗೆ ಮೆಟ್ಟಿಲ ಮೇಲೆ ಬಿಟ್ಟಿದ್ದೆ.

ಹೊರಬಂದರೆ ವಯಸ್ಸಾದವರೊಬ್ಬರು ಮೆಟ್ಟಿಲ ಮೇಲೆ ಕೂತು, ತಮ್ಮ ಶೂ ಬಿಚ್ಚಿಟ್ಟು ನನ್ನದನ್ನು ಹಾಕಿಕೊಂಡು ನೋಡುತ್ತಿದ್ದರು. ಇಲ್ಲೇ ಓದುವ ಗೆಳೆಯ ಕಿರಣ ಅವರ ಜೊತೆ ಜರ್ಮನ್‌ನಲ್ಲಿ ಮಾತಾಡುತ್ತಿದ್ದ.

"ಗುರು, ಇಲ್ಲಿ ಬೇಡದ ಸಾಮಾನು ಹೀಗೇ ಮನೆ ಹೊರಗೆ ಇಡ್ತಾರೆ. ಬೇಕಾದೋರು ತಗೋಬೋದು. ಇದೂ ಹಂಗೇ ಅಂದ್ಕೊಂಡಿದಾರೆ."

"ನಂದು ಅಂತ ಹೇಳೋ!"

"ಹೇಳ್ದೆ. ಮತ್ತೆ ಬಿಚ್ಚಿದ್ದು ಯಾಕೆ ಅಂತಾರೆ."

ದೇವರ ಮನೆಗೆ ಹೋಗುವಾಗ ನಾವು ಬಿಚ್ಚುತ್ತೇವೆ ಎಂದು ಕಿರಣ ವಿವರಿಸಿದ. ಅವರು ಗಂಭೀರವಾಗಿ ಕೇಳಿಸಿಕೊಂಡರು. ನನ್ನ ಶೂ ಬಿಚ್ಚಿ ಜೋಡಿಸಿಟ್ಟರು. ಆಮೇಲೆ ತಮ್ಮದನ್ನು ಹಾಕಿಕೊಳ್ಳದೆ ಕಾಲ್ಚೀಲದಲ್ಲೇ ಒಳಗೆ ಹೋದರು.

ಕಿರಣ ಆ ಹಳೇ ಶೂಗಳನ್ನು ನೋಡಿದ. "ಯಾರಾದ್ರೂ ಎತ್ಕೊಂಡು ಹೋದ್ರೆ?"

ನಾವು ಹಿಡಿಯಬೇಕಿದ್ದ ಬಸ್ಸು ಬಂತು, ನಿಂತಿತು, ಹೋಯಿತು. ನಾವು ಅವರ ಶೂ ಕಾಯುತ್ತಾ ಮೆಟ್ಟಿಲ ಮೇಲೆ ಕೂತಿದ್ದೆವು.