ತಲೆ ಬಗ್ಗಿಸಿದವರಿಗೆ ಕಾಣುವ ಬೂಟು

ಬೀದಿಯವರ ಬಾಯಲ್ಲಿ ನನ್ನ ಅಪ್ಪನ ಹೆಸರು ‘ಬ್ಲ್ಯಾಕ್ ಅಂಡ್ ವೈಟ್’. ಕ್ಷೌರದಂಗಡಿ ನಡೆಸುವವನಿಗೆ ಕತ್ತರಿಯಿಂದಲೋ ಬಾಚಣಿಗೆಯಿಂದಲೋ ಅಡ್ಡಹೆಸರು ಬರಬೇಕು; ಅಪ್ಪನಿಗೆ ಬಂದದ್ದು ಕಾಲಿನಿಂದ. ಅವನು ಹಾಕುತ್ತಿದ್ದ ಬೂಟಿನ ಮೂತಿ ಕಪ್ಪು, ಹಿಮ್ಮಡಿ ಕಪ್ಪು, ನಡುವೆಲ್ಲ ಬಿಳಿ. ಕಪ್ಪು ಚರ್ಮದ ಅಂಚಿನುದ್ದಕ್ಕೂ ಸೂಜಿಯಲ್ಲಿ ಚುಚ್ಚಿದಂಥ ಸಣ್ಣ ತೂತುಗಳ ಸಾಲು. ಅಜ್ಜಂದಿರ ಕಾಲದ ಫ್ಯಾಷನ್ ಅದು. ಅಪ್ಪನಿಗೆ ಮೀಸೆ ಚಿಗುರುವ ಹೊತ್ತಿಗಾಗಲೇ ಅಂಗಡಿಗಳು ಅಂಥ ಬೂಟು ಮಾರುವುದನ್ನು ಬಿಟ್ಟಿದ್ದವು.

ಅಪ್ಪನಿಗೆ ಹಿಡಿದ ಈ ಹುಚ್ಚಿಗೆ ಬೆಲೆ ತೆತ್ತದ್ದು ಒಬ್ಬ ಗಿರಾಕಿಯ ಕಿವಿ. ಆಗ ಅಪ್ಪ ಇನ್ನೂ ಬೇರೆಯವರ ಅಂಗಡಿಯಲ್ಲಿ ಕೆಲಸಕ್ಕಿದ್ದ. ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವ ಮುದುಕನೊಬ್ಬ ಬಂದು ಕಾಲಮೇಲೆ ಕಾಲು ಹಾಕಿ ಕುಳಿತ. ಅಪ್ಪನ ಕೈ ಕಿವಿಯ ಹತ್ತಿರ, ಕಣ್ಣು ಮಾತ್ರ ಮುದುಕನ ಕಪ್ಪು-ಬಿಳಿ ಬೂಟಿನ ಮೇಲೆ. ರಕ್ತ ಒರೆಸುತ್ತಾ ಅವನು ಕ್ಷಮೆ ಕೇಳುವುದು ಬಿಟ್ಟು, “ಇದು ಎಲ್ಲಿ ಸಿಗುತ್ತೆ ಸ್ವಾಮಿ?” ಅಂದನಂತೆ. ಯಜಮಾನ ರೇಗಿ ಮನೆಗೆ ಹೋಗು ಎಂದ. ಅಪ್ಪ ಹೋದದ್ದು ಹಳೇ ಸಾಮಾನಿನ ಮಾರುಕಟ್ಟೆಗೆ. ಅಲ್ಲಿ ಸಿಕ್ಕ ಜೊತೆ ಬಿಗಿಯಾಗಿತ್ತು. ಆಮೇಲೆ ಬಂದ ಜೊತೆಗಳೂ ಯಾರೋ ಹಾಕಿ ಬಿಟ್ಟವೇ, ಅವೂ ಬಿಗಿಯೇ. “ಬೂಟು ಹಿಗ್ಗಲ್ಲ, ಕಾಲೇ ಒಗ್ಗಿಕೊಳ್ಳಬೇಕು” ಎಂಬುದು ಅಪ್ಪನ ವಾದ. ಮಹಾ ತರ್ಕ!

ಬೆಳಗಾದರೆ ಹೊಸ್ತಿಲ ಬಳಿ ಹಳೇ ಪೇಪರ್ ಹಾಸಿ ಕೂರುತ್ತಿದ್ದ. ಕಪ್ಪಿಗೆ ಬಟ್ಟೆ, ಬಿಳಿಗೆ ಸವೆದ ಹಲ್ಲುಜ್ಜುವ ಬ್ರಷ್ಷು. ಎರಡೂ ಕೂಡುವ ಗೆರೆಗೆ ಬೆಂಕಿಕಡ್ಡಿಯ ತುದಿಗೆ ಸುತ್ತಿದ ಹತ್ತಿ. ಆ ಗೆರೆಯ ಮೇಲೆ ಅವನ ಮೂಗು ತಾಗುವುದೊಂದು ಬಾಕಿ. “ನನ್ನ ಮುಖ ಯಾವತ್ತಾದ್ರೂ ಇಷ್ಟು ಹತ್ತಿರದಿಂದ ನೋಡಿದ್ದೀರಾ?” ಎಂದು ಅಮ್ಮ ಕೇಳುತ್ತಿದ್ದಳು. “ನಿನ್ನ ಮುಖಕ್ಕೆ ಪಾಲಿಶ್ ಬೇಕಿಲ್ಲ ಕಣೇ” ಎಂದು ಅಪ್ಪ ಜಾರಿಕೊಳ್ಳುತ್ತಿದ್ದ.

ಕೂದಲು ಉದುರುವ ಅಂಗಡಿಯಲ್ಲಿ ದಿನವಿಡೀ ನಿಲ್ಲುವವನಿಗೆ ಬಿಳಿ ಬೂಟು ಯಾಕೆ ಎಂದು ನಾನೂ ಒಮ್ಮೆ ಸಿಡುಕಿದ್ದೆ. ಕತ್ತಿನ ಕೆಲಸ ಬಂದಾಗ ಗಿರಾಕಿಯ ತಲೆ ಬಗ್ಗಿಸಿ, ಪಕ್ಕದಲ್ಲಿ ನಿಂತುಕೊಳ್ಳುವುದು ಅಪ್ಪನ ಪದ್ಧತಿ. ಬಗ್ಗಿದವನಿಗೆ ಆಗ ಕನ್ನಡಿ ಕಾಣದು, ಕಿಟಕಿ ಕಾಣದು. “ಪಾಪ, ಅವರಿಗೂ ನೋಡೋಕೆ ಏನಾದ್ರೂ ಬೇಕಲ್ವಾ ಪುಟ್ಟಿ?” ಅಂದ ಅಪ್ಪ. ಅದು ತಮಾಷೆಯಲ್ಲ, ಅವನು ಹಾಗೆಯೇ ನಂಬಿದ್ದ. ನನಗೆ ಅವನ ಮೇಲೆ ಎಲ್ಲಿಲ್ಲದ ಪ್ರೀತಿ ಬಂದದ್ದು ಆ ಮಾತಿಗೆ.

ನಾನು ಕೆಲಸ ಕಲಿತು ಅಂಗಡಿಯ ಎರಡನೇ ಕುರ್ಚಿಗೆ ನಿಂತೆ. ನನ್ನ ಕೂದಲಿಗೆ ಮಾತ್ರ ಅಪ್ಪನದೇ ಕತ್ತರಿ. ಹೋದ ವರ್ಷ ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತು, ಅವನು ನನ್ನ ತಲೆ ಬಗ್ಗಿಸಿದ. ಅವನ ಎಡಗಾಲಿನ ಬೂಟಿನಲ್ಲಿ ಏನೋ ಸರಿಯಿಲ್ಲ ಅನ್ನಿಸಿತು. ಕಿರುಬೆರಳಿನ ಬಳಿ ಬಿಳಿ ಚರ್ಮ ದೊರಗಾಗಿ, ಬಟ್ಟೆಯ ನೂಲಿನಂತೆ ಕಾಣುತ್ತಿತ್ತು. ಕೈ ಚಾಚಿ ಮುಟ್ಟಿದೆ. ಅದು ಬಟ್ಟೆಯೇ. ಬೂಟಿನ ಪಕ್ಕೆಯನ್ನು ಕತ್ತರಿಸಿ, ಹುಣ್ಣಾದ ಬೆರಳಿಗೆ ಪಟ್ಟಿ ಸುತ್ತಿ, ಹೊರಗೆ ಇಣುಕುತ್ತಿದ್ದ ಪಟ್ಟಿಯ ಮೇಲೆ ಬೂಟಿನ ಬಿಳಿ ಪಾಲಿಶನ್ನೇ ಬಳಿದುಕೊಂಡಿದ್ದ ಮಹಾರಾಯ! ಗೆರೆ ಒಂದಿಷ್ಟೂ ಆಚೀಚೆ ಆಗಿರಲಿಲ್ಲ.

“ಏನಪ್ಪಾ ಇದು?”

“ನೋವಿಲ್ಲ ಬಿಡು. ಅಮ್ಮನಿಗೆ ಹೇಳಬೇಡ, ಬೂಟು ಎತ್ತಿ ಬಿಸಾಕಿಬಿಡ್ತಾಳೆ.”

ನೋವಿಲ್ಲದ್ದೇ ದೊಡ್ಡ ಆಪತ್ತು. ಸಕ್ಕರೆ ಕಾಯಿಲೆ ಕಾಲಿನ ನರವನ್ನು ಮರಗಟ್ಟಿಸಿದೆ ಎಂದರು ಡಾಕ್ಟರು. ಅಮ್ಮ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಬಾಯಿಗೆ ಬಂದಂತೆ ಬೈದಳು, ಬೈಯುತ್ತಲೇ ಅವನ ಕೈ ಹಿಡಿದುಕೊಂಡಿದ್ದಳು. ಕಾಲು ಉಳಿಯಿತು, ಕಿರುಬೆರಳು ಹೋಯಿತು. ಗಾಯ ಮಾಯ್ದ ಮೇಲೆ ಡಾಕ್ಟರು, ಅಗಲವಾದ ಚಪ್ಪಲಿ ಹಾಕಿಕೊಂಡು ಕೆಲಸಕ್ಕೆ ಹೋಗಬಹುದು, ಆ ಬೂಟನ್ನು ಮಾತ್ರ ಇನ್ನು ಜನ್ಮದಲ್ಲಿ ಮುಟ್ಟಕೂಡದು ಎಂದರು.

ಅಪ್ಪ ಕೆಲಸಕ್ಕೆ ಹೋಗಲಿಲ್ಲ. ಕಾಲಿನ ಮೇಲೆ ಹೊದಿಕೆ ಹಾಕಿಕೊಂಡು ಮನೆಯ ಕಿಟಕಿಯ ಬಳಿ ಕೂತೇ ಇದ್ದ. ಅಂಗಡಿಗೆ ಬಂದ ಗಿರಾಕಿಗಳು ಅವನ ಖಾಲಿ ಕುರ್ಚಿ ನೋಡಿ ವಾಪಸು ಹೋಗುತ್ತಿದ್ದರು. ನಾನು ಕರೆದರೆ ಅಪ್ಪನದು ಒಂದೇ ಮಾತು: “ತಲೆ ಬಗ್ಗಿಸಿ ಕೂತವರು ಈ ಮೋಟು ಕಾಲು ನೋಡಬೇಕಾ?” ಊಟ ಕಮ್ಮಿಯಾಯಿತು, ಮಾತು ಕಮ್ಮಿಯಾಯಿತು. ಬೆರಳು ಹೋದದ್ದಿರಲಿ, ಅಪ್ಪನೇ ಹೋಗಿಬಿಡುತ್ತಾನೇನೋ ಎಂದು ನನಗೆ ದಿಗಿಲು.

ಒಂದು ಬೆಳಗ್ಗೆ ಅಮ್ಮ ತಲೆಗೆ ಸ್ನಾನ ಮಾಡಿ, ಅಡುಗೆಮನೆಯ ಸ್ಟೂಲನ್ನು ಕಿಟಕಿಯ ಬೆಳಕಿಗೆ ಎಳೆದು, ಕತ್ತಿಗೆ ಟವೆಲ್ ಸುತ್ತಿಕೊಂಡು ಕುಳಿತಳು. ಅಪ್ಪನ ಕತ್ತರಿ ಒಮ್ಮೆ ಶುರುವಾದರೆ ನಿಲ್ಲುವುದಿಲ್ಲ ಎಂಬ ಹೆದರಿಕೆಗೆ ಮದುವೆಯಾದಾಗಿನಿಂದ ಅವಳು ಅವನ ಕೈಗೆ ತಲೆ ಕೊಟ್ಟವಳೇ ಅಲ್ಲ.

“ರೀ, ತುದಿ ಕತ್ತರಿಸಿ.”

“ಮಗಳಿದ್ದಾಳಲ್ಲ.”

“ಮಗಳು ಬೇಡ. ನೀವೇ ಬನ್ನಿ.”

ಕೊನೆಗೆ ಅಪ್ಪ ಹೊದಿಕೆ ಸರಿಸಿ, ಬರಿಗಾಲಲ್ಲಿ ಎದ್ದು ಬಂದು, ಅವಳ ಪಕ್ಕಕ್ಕೆ ನಿಂತ. ಅಮ್ಮ ತಲೆ ಬಗ್ಗಿಸಿದಳು. ಕತ್ತರಿಯ ಸದ್ದೇ ಇಲ್ಲ. ಅವನು ಎಡಗಾಲನ್ನು ಮೆಲ್ಲಗೆ ಬಲಗಾಲಿನ ಹಿಂದಕ್ಕೆ ತೆಗೆದುಕೊಂಡ. ಅಮ್ಮ ಬಗ್ಗಿ ಕೈ ಚಾಚಿ, ಆ ಕಾಲಿನ ಗಿಣ್ಣು ಹಿಡಿದು ಮುಂದಕ್ಕೆಳೆದಳು.

“ಬೂಟು ನೋಡಿ ನೋಡಿ ಸಾಕಾಗಿದೆ. ಈ ಕಾಲನ್ನ ನಾನು ಸರಿಯಾಗಿ ನೋಡಿಯೇ ಇಲ್ಲ. ಸ್ವಲ್ಪ ನೋಡ್ತೀನಿ, ಇಲ್ಲೇ ಇರಲಿ.”

ಕೈ ಬಿಡಲಿಲ್ಲ ಅವಳು. ಹೆಗಲು ಕುಲುಕುತ್ತಿತ್ತು.

“ಅಳಬೇಡ ಕಣೇ” ಎಂದ ಅಪ್ಪ. “ತಲೆ ಅಲ್ಲಾಡಿದ್ರೆ ಸೊಟ್ಟ ಆಗುತ್ತೆ.”

ಸೊಟ್ಟವೇ ಆಯಿತು. ಕತ್ತರಿ ಹಿಡಿದವನ ಕಣ್ಣು ಕಾಲು ಹಿಡಿದ ಅವಳ ಕೈಯ ಮೇಲೇ ಇತ್ತಲ್ಲ, ಇನ್ನೇನಾದೀತು!

ಮರುದಿನ ಅಪ್ಪ ಅಗಲವಾದ ಚಪ್ಪಲಿ ಮೆಟ್ಟಿ ನನ್ನ ಜೊತೆ ಅಂಗಡಿಗೆ ಬಂದ. ಎದುರುಗಡೆಯ ದರ್ಜಿ ಓಡಿಬಂದು ಕುರ್ಚಿಯಲ್ಲಿ ಕೂತ. ಅಪ್ಪ ಅವನ ತಲೆ ಬಗ್ಗಿಸಿ, ಎಂದಿನಂತೆ ಪಕ್ಕದಲ್ಲಿ ನಿಂತ.

“ಬೂಟು ಎಲ್ಲಿ?” ಎಂದ ದರ್ಜಿ ಕೆಳಗಿನಿಂದಲೇ.

“ಮನೇಲಿದೆ” ಎಂದ ಅಪ್ಪ, ಕಾಲನ್ನು ಹಿಂದಕ್ಕೆ ತೆಗೆಯದೆ.