ಮುದಿ ರೆಕ್ಕೆಗಳ ಮೊದಲ ಹಾರಾಟ

ಬೆಳಗಿನ ಆರು ಗಂಟೆ. ವಿಮಾನ ನಿಲ್ಲಿಸುವ ಶೆಡ್ಡಿನ ಬಾಗಿಲು ಅರ್ಧ ತೆರೆದಿದೆ. ಹೊರಗಿನ ಮಂಜು ಹೇಳದೆ ಕೇಳದೆ ಒಳಗೆ ಬಂದು ನೆಲದ ಮೇಲೆ ಕೂತಿದೆ. ನಡುವೆ ಒಂಟಿ ಆಸನದ ಹಳೆಯ ಯುದ್ಧವಿಮಾನ. ಅದರಲ್ಲಿ ಒಬ್ಬರು ಕಣ್ಣು ಮುಚ್ಚಿ ಕುಳಿತಿದ್ದಾರೆ. ಬಿಳಿ ಗಡ್ಡ, ಮೊಣಕೈ ಸವೆದ ಸ್ವೆಟರ್, ಎದೆಗೆ ಬಿಗಿದ ಬೆಲ್ಟು. ಸಂದರ್ಶನಕ್ಕೆಂದು ನಸುಕಿಗೇ ಎದ್ದು ಬಂದ ನನಗೆ, ಇವರಿಲ್ಲಿ ಸುಖವಾಗಿ ನಿದ್ದೆ ಹೊಡೆಯುತ್ತಿದ್ದಾರಲ್ಲ ಎಂದು ಸಣ್ಣ ಸಿಟ್ಟೇ ಬರುತ್ತದೆ.

"ಪೆಟ್ರೋಲ್," ಎಂದು ರೆಕ್ಕೆಯ ಪಕ್ಕ ನಿಂತ ಮುಖ್ಯ ಮೆಕ್ಯಾನಿಕ್ ಕೂಗುತ್ತಾರೆ. ಐವತ್ತರ ಹೆಂಗಸು, ಕೈತುಂಬ ಗ್ರೀಸು. ಕಣ್ಣು ಮುಚ್ಚಿದವರ ಎಡಗೈ ಮೆಲ್ಲಗೆ ಇಳಿದು ಒಂದು ಹಿಡಿಯ ಮೇಲೆ ನಿಲ್ಲುತ್ತದೆ. "ಚಕ್ರ." ಬಲಗೈ ಚಲಿಸುತ್ತದೆ. "ಗಾಜಿನ ಮುಚ್ಚಳ." ಎರಡೂ ಕೈ ತಲೆಯ ಮೇಲಕ್ಕೆ ಹೋಗುತ್ತವೆ. ಹೀಗೆ ಅರವತ್ತೊಂದು ಹೆಸರು, ಅರವತ್ತೊಂದು ಜಾಗ. ಒಂದೂ ತಪ್ಪುವುದಿಲ್ಲ. ಮುಗಿದ ಮೇಲೆ ಕಣ್ಣು ಬಿಟ್ಟು ನನ್ನನ್ನು ನೋಡಿ, "ಬಂದು ತುಂಬ ಹೊತ್ತಾಯ್ತಾ? ನಿದ್ದೆ ಮಾಡ್ತಿದೀನಿ ಅಂದ್ಕೊಂಡ್ರಾ?" ಎನ್ನುತ್ತಾರೆ. ನಾನು ಇಲ್ಲವೆಂದು ಸುಳ್ಳು ಹೇಳುತ್ತೇನೆ.

"ಗಾಬರಿ ಆದಾಗ ಕಣ್ಣು ಕೆಲಸಕ್ಕೆ ಬರಲ್ಲ," ಅವರು ಕೆಳಗಿಳಿಯುತ್ತ ವಿವರಿಸುತ್ತಾರೆ. "ಒಳಗೆ ಹೊಗೆ ತುಂಬಿದ್ರಂತೂ ಕೇಳೋದೇ ಬೇಡ. ಯಾವುದು ಎಲ್ಲಿದೆ ಅಂತ ಕೈಗೇ ಗೊತ್ತಿರಬೇಕು."

ಇವರು ಪರೀಕ್ಷಾ ಪೈಲಟ್. ಗುಜರಿಯಿಂದಲೋ ಕೆರೆಯ ತಳದಿಂದಲೋ ಎತ್ತಿ ತಂದು, ವರ್ಷಗಟ್ಟಲೆ ಕೂತು ಮತ್ತೆ ಕಟ್ಟಿದ ಯುದ್ಧಕಾಲದ ವಿಮಾನಗಳನ್ನು ಮೊಟ್ಟಮೊದಲು ಹಾರಿಸಿ ನೋಡುವುದು ಇವರ ಕೆಲಸ. ಶೆಡ್ಡಿನವರು ಇಟ್ಟಿರುವ ಅಡ್ಡಹೆಸರು 'ಮೊದಲ ತುತ್ತು'. ಅಡುಗೆಯಲ್ಲಿ ಏನಾದರೂ ಎಡವಟ್ಟಾಗಿದ್ದರೆ ಮೊದಲು ತಿಂದವರಿಗೆ ತಾನೇ ಗೊತ್ತಾಗುವುದು! ಇವರು ತಿಂದು ಅರಗಿಸಿಕೊಂಡ ಮೇಲೆ ವಿಮಾನ ಪ್ರದರ್ಶನಕ್ಕೆ ಹೋಗುತ್ತದೆ. ಅಲ್ಲಿ ಬೇರೆ ಪೈಲಟ್ ಹಾರಿಸುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ. ವಿಮಾನದ ಮುಂದೆ ನಿಲ್ಲಿಸುವ ಫಲಕದಲ್ಲಿ ಕಟ್ಟಿದವರ ಹೆಸರಿರುತ್ತದೆ, ದುಡ್ಡು ಕೊಟ್ಟವರ ಹೆಸರಂತೂ ದಪ್ಪಕ್ಷರದಲ್ಲಿರುತ್ತದೆ. ಇವರ ಹೆಸರು ಹುಡುಕಿದರೂ ಸಿಗುವುದಿಲ್ಲ.

ಲೆಕ್ಕ ಕೇಳಿದರೆ ಬೆರಳು ಮಡಚುತ್ತಾರೆ. ಮೂವತ್ತೊಂದು ವರ್ಷ, ಮೂವತ್ತನಾಲ್ಕು ಮೊದಲ ಹಾರಾಟ. ಒಂದೊಂದಕ್ಕೂ ಹನ್ನೆರಡರಿಂದ ಹದಿನೈದು ನಿಮಿಷ. ಎಲ್ಲ ಕೂಡಿಸಿದರೂ ಒಂದು ಹಗಲಿಗೆ ಸಾಲದು. ಮೂರು ಸಲ ಎಂಜಿನ್ ನಡುದಾರಿಯಲ್ಲೇ ಕೈಕೊಟ್ಟಿದೆ. ಒಮ್ಮೆ ಜೋಳದ ಹೊಲದಲ್ಲಿ ಇಳಿದು ಎರಡು ಪಕ್ಕೆಲುಬು ಮುರಿದುಕೊಂಡಿದ್ದಾರೆ. "ಪಕ್ಕೆಲುಬಿಗಿಂತ ಹೊಲದ ಯಜಮಾನ ಬೈದಿದ್ದೇ ಜಾಸ್ತಿ ನೋವಾಯ್ತು," ಎಂದು ನಗುತ್ತಾರೆ.

ಈಗ ಶೆಡ್ಡಿನಲ್ಲಿರುವುದು ಮೂವತ್ತೈದನೆಯದು. ಎಲ್ಲರೂ ಇದನ್ನು ಕರೆಯುವುದು 'ಅಜ್ಜಿ' ಎಂದೇ. ಎಂಬತ್ತು ದಾಟಿದ ವಯಸ್ಸು. ಸಿಕ್ಕಾಗ ಯಾರದೋ ಹಿತ್ತಲಲ್ಲಿ ಕೋಳಿಗೂಡಾಗಿತ್ತು. ಮೆಕ್ಯಾನಿಕ್ ಇದಕ್ಕೆ ಏಳು ವರ್ಷ ಸುರಿದಿದ್ದಾರೆ. ಬಂದೂಕು ಕೂರಿಸುತ್ತಿದ್ದ ತೂತುಗಳಿಗೆ ಈಗ ತಗಡು ಮುಚ್ಚಿದೆ. ಆಸನದ ಪಕ್ಕದ ಲೋಹದ ಮೇಲೆ ಯಾರೋ ಮೊಳೆಯಿಂದ ಗೀಚಿದ ಏಳು ಗೆರೆಗಳಿವೆ. ಅವು ದಿನಗಳೋ, ಹಾರಾಟಗಳೋ, ಹೊಡೆದುರುಳಿಸಿದ ವಿಮಾನಗಳೋ ಯಾರಿಗೂ ಗೊತ್ತಿಲ್ಲ. ಅವನ್ನು ಉಜ್ಜಿ ಅಳಿಸಲು ಮೆಕ್ಯಾನಿಕ್‌ಗೆ ಮನಸ್ಸು ಬಂದಿಲ್ಲ.

"ಮೇಲೆ ಹೋದಾಗ ಒಂದೆರಡು ನಿಮಿಷ, ಬೇರೆ ಯಾರದೋ ಕನಸಿನೊಳಗೆ ಕೂತ ಹಾಗಿರುತ್ತೆ," ಎನ್ನುತ್ತಾರೆ ಪೈಲಟ್. ಅವರ ದನಿ ತಗ್ಗುತ್ತದೆ. "ಇದರಲ್ಲಿ ಮೊದಲು ಕೂತಿದ್ದವನಿಗೆ ಇಪ್ಪತ್ತು ವರ್ಷ ಇದ್ದಿರಬಹುದು. ಅವನಿಗೆ ಎಷ್ಟು ಭಯ ಇತ್ತೋ ಏನೋ. ನಂಗೆ ಯಾರೂ ಗುಂಡು ಹೊಡೆಯಲ್ಲ. ಮೋಡ ಇರುತ್ತೆ, ಬಿಸಿಲು ಇರುತ್ತೆ. ಅವನು ನೋಡಬೇಕಾಗಿದ್ದ ಆಕಾಶಾನ ನಾನು ನೋಡ್ತಿದೀನಿ ಅನ್ಸುತ್ತೆ."

ಆದರೆ ಅಜ್ಜಿ ಸಾಧುಪ್ರಾಣಿಯಲ್ಲ. ಸಾಮಾನ್ಯವಾಗಿ ವಿಮಾನದಲ್ಲಿ ಎಡಗೈಗೆ ಸಿಗುವ ಥ್ರಾಟಲ್ ಹಿಡಿಯನ್ನು ಮುಂದಕ್ಕೆ ತಳ್ಳಿದರೆ ಎಂಜಿನ್ನಿನ ಬಲ ಏರುತ್ತದೆ, ಹಿಂದಕ್ಕೆ ಎಳೆದರೆ ಇಳಿಯುತ್ತದೆ. ಅಜ್ಜಿಯದು ಉಲ್ಟಾ. ಎಳೆದರೆ ಏರುತ್ತದೆ, ತಳ್ಳಿದರೆ ಇಳಿಯುತ್ತದೆ. ಬದಲಾಯಿಸಬಹುದಿತ್ತಲ್ಲ ಎಂದರೆ ಮೆಕ್ಯಾನಿಕ್ ನನ್ನನ್ನೇ ದುರುಗುಟ್ಟಿ ನೋಡುತ್ತಾರೆ. "ಹೇಗಿತ್ತೋ ಹಾಗೇ ಕಟ್ಟಬೇಕು. ಇಲ್ಲಾಂದ್ರೆ ಏಳು ವರ್ಷ ಯಾಕೆ ಬೇಕಿತ್ತು?"

ಇನ್ನೂ ಒಂದು ಸಂಗತಿಯಿದೆ. ಪೈಲಟ್‌ಗೆ ಈಗ ಅರವತ್ತೇಳು. ಬಲಗಣ್ಣು ಮಂಜಾಗುತ್ತ ಬರುತ್ತಿದೆ. ಅವರ ವೈದ್ಯಕೀಯ ಪ್ರಮಾಣಪತ್ರ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಮತ್ತೆ ಸಿಗುವುದಿಲ್ಲವೆಂದು ಡಾಕ್ಟರು ಮೊದಲೇ ಹೇಳಿಬಿಟ್ಟಿದ್ದಾರೆ. ಅಜ್ಜಿಯನ್ನು ಹಾರಿಸಿದರೆ ಅದೇ ಅವರ ಕೊನೆಯ ಮೊದಲ ಹಾರಾಟ. ಉಳಿದಿರುವುದು ಹದಿಮೂರು ದಿನ.

ಅವರ ಮನೆ ಅಲ್ಲಿಂದ ಹತ್ತು ನಿಮಿಷದ ದಾರಿ. ಊಟದ ಮೇಜಿನ ಮೇಲೆ ತಟ್ಟೆಗಳಿಗಿಂತ ನೋಟ್‌ಬುಕ್ಕುಗಳೇ ಹೆಚ್ಚು. ಪ್ರತಿ ಹಾರಾಟದ ನಂತರ ಪೈಲಟ್ ತಾನು ಕಂಡ ದೋಷಗಳನ್ನು ಬರೆದುಕೊಡಬೇಕು. ಶೆಡ್ಡಿನಲ್ಲಿ ಅದಕ್ಕೆ 'ತಕರಾರು ಪುಸ್ತಕ' ಎನ್ನುತ್ತಾರೆ. ಇವರು ಅದರ ಒಂದೊಂದು ಪ್ರತಿಯನ್ನು ತಾವೂ ಇಟ್ಟುಕೊಂಡು, ಈಗ ಅದನ್ನೇ ವಿಸ್ತರಿಸಿ ನೆನಪುಗಳ ಪುಸ್ತಕ ಬರೆಯುತ್ತಿದ್ದಾರೆ. ಟೈಪು ಮಾಡುವವರು ಅವರ ಹೆಂಡತಿ. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು.

"ಮುನ್ನೂರು ಪುಟ ಆಯ್ತು, ಬರೀ ತಕರಾರು!" ಹೆಂಡತಿ ಕನ್ನಡಕದ ಮೇಲಿಂದ ನೋಡುತ್ತಾರೆ. "ಎಣ್ಣೆ ಸೋರಿತು, ಚಕ್ರ ಇಳಿಯಲಿಲ್ಲ, ಬಾಲ ನಡುಗಿತು. ನಮ್ಮ ಮದುವೆ ವಿಷಯ ಒಂದು ಸಾಲೂ ಇಲ್ಲ, ನೋಡಿ."

"ಅದರಲ್ಲಿ ತಕರಾರೇ ಇಲ್ವಲ್ಲ," ಎಂದು ಪೈಲಟ್ ಮೆಲ್ಲಗೆ ಜಾರಿಕೊಳ್ಳುತ್ತಾರೆ.

"ಬೆಣ್ಣೆ ಹಚ್ಚಬೇಡಿ. ಬಾಂಬಿನ ಹಾಗೆ ಅಡುಗೆಮನೆ ಡ್ರಾಯರ್ ದಬಾರ್ ಅಂತ ಎಳೀತೀರಲ್ಲ, ಅದರ ಬಗ್ಗೆ ನಂದೊಂದು ತಕರಾರಿದೆ, ಬರೀರಿ." ಅವರು ನನ್ನ ಕಡೆ ತಿರುಗುತ್ತಾರೆ. "ಮೂರು ವಾರದಿಂದ ಚಮಚದ ಡ್ರಾಯರೇ ಇವರ ಥ್ರಾಟಲ್ಲು. ಎಳೆದ್ರೆ ಮೇಲಕ್ಕೆ, ತಳ್ಳಿದ್ರೆ ಕೆಳಕ್ಕೆ ಅಂತ ಜಪ. ನಮ್ಮನೆ ಚಮಚಗಳಿಗೆಲ್ಲ ಲೈಸೆನ್ಸ್ ಕೊಡಬಹುದು."

ಮೂವತ್ತು ವರ್ಷದ ರೂಢಿಯನ್ನು ಕೈಯಿಂದ ಬಿಡಿಸುವುದು ತಮಾಷೆಯಲ್ಲ. ಅದು ಅವರಿಗೂ ಗೊತ್ತು, ಹೆಂಡತಿಗೂ ಗೊತ್ತು. ನಾನು ಹೊರಡುವಾಗ ಆಕೆ ಬಾಗಿಲವರೆಗೆ ಬಂದು, "ಇದೊಂದು ಮುಗಿದ್ರೆ ಸಾಕಪ್ಪ," ಎಂದಷ್ಟೇ ಹೇಳುತ್ತಾರೆ.

ಆರು ದಿನ ಕಳೆದು ಮತ್ತೆ ಹೋಗುತ್ತೇನೆ. ಇವತ್ತು ಹಾರಾಟವಿಲ್ಲ, ಓಟ ಮಾತ್ರ. ಬಾಲ ನೆಲ ಬಿಟ್ಟೇಳುವಷ್ಟು ಜೋರಾಗಿ ಓಡಿಸಿ, ಬಲ ಇಳಿಸಿ ನಿಲ್ಲಿಸಬೇಕು. ಸರಿಹೋದರೆ ನಾಳೆಯೇ ಆಕಾಶ. ಎಂಜಿನ್ ಕೆಮ್ಮಿ, ಉಗುಳಿ, ಕೊನೆಗೆ ಗುಡುಗುತ್ತದೆ. ಹುಲ್ಲೆಲ್ಲ ಹಿಂದಕ್ಕೆ ಮಲಗುತ್ತದೆ. ಮಂಜಿನಲ್ಲಿ ಅಜ್ಜಿ ದೂರದೂರ ಸರಿದು, ಬಾಲ ಎತ್ತಿ ಓಡುತ್ತಾಳೆ. ನೆಲಕ್ಕೆ ತಾಗಿಯೂ ತಾಗದಂತೆ ತೇಲುವ ಅವಳನ್ನು ನೋಡುತ್ತ ನಾನು ಬರೆದುಕೊಳ್ಳುವುದನ್ನೇ ಮರೆಯುತ್ತೇನೆ. ಇನ್ನೇನು ಎಂಜಿನ್ ಮೆತ್ತಗಾಗಬೇಕು, ಅಷ್ಟರಲ್ಲಿ ಒಮ್ಮೆ ಜೋರಾಗಿ ಅಬ್ಬರಿಸುತ್ತದೆ. ಮೂತಿ ಎಡಕ್ಕೆ ಹೊರಳಿ ತಕ್ಷಣ ನೇರವಾಗುತ್ತದೆ. ಸದ್ದು ಇಳಿಯುತ್ತದೆ. ಮೆಕ್ಯಾನಿಕ್ ಹೆಬ್ಬೆರಳು ಎತ್ತಿ ಕುಣಿಯುವುದೊಂದು ಬಾಕಿ. "ಕೊನೇಲಿ ಸ್ವಲ್ಪ ಬಾಲ ಬಿಚ್ಚಿದ್ಲು ಅಜ್ಜಿ!"

ಪೈಲಟ್ ಎಂಜಿನ್ ನಿಲ್ಲಿಸಿಯೂ ಬಹಳ ಹೊತ್ತು ಇಳಿಯುವುದಿಲ್ಲ. ಆಮೇಲೆ ರೆಕ್ಕೆಯ ಮೇಲೆ ಕೂತು ತಕರಾರು ಪುಸ್ತಕ ಕೇಳಿ ಪಡೆದು ಒಂದೇ ಸಾಲು ಬರೆಯುತ್ತಾರೆ. ಮೆಕ್ಯಾನಿಕ್ ಅದನ್ನು ಓದುತ್ತಾರೆ. ಅವರ ಮುಖ ಬಾಡಿದ್ದು ಕಂಡು ನಾನೂ ಇಣುಕುತ್ತೇನೆ. 'ವಿಮಾನ ಸರಿಯಿದೆ. ದೋಷ ಪೈಲಟ್‌ನದು. ಇಳಿಸಬೇಕಾದಲ್ಲಿ ಏರಿಸಿದ.'

"ಬಲ ಇಳಿಸೋಕೆ ಹೋಗಿ ಹಳೇ ಅಭ್ಯಾಸದಲ್ಲಿ ಎಳೆದುಬಿಟ್ಟೆ," ಎನ್ನುತ್ತಾರೆ ಅವರು.

"ಅಣ್ಣಾ, ಅರ್ಧ ಸೆಕೆಂಡು. ಯಾರಿಗೂ ಗೊತ್ತಾಗಿಲ್ಲ," ಎನ್ನುತ್ತಾರೆ ಮೆಕ್ಯಾನಿಕ್.

"ನಂಗೆ ಗೊತ್ತಾಯ್ತಲ್ಲಮ್ಮ."

"ಇನ್ನೊಂದು ಸಲ ಓಡಿಸಿ ನೋಡಿ. ಇದು ನಿಮ್ಮ ಕೊನೇದು."

"ಅದಕ್ಕೇ ಭಯ. ಕೊನೇದು ಅಂತ ಆಸೆಗೆ ಬಿದ್ದು ಹೋಗ್ತೀನಿ. ನೆಲದ ಮೇಲಾದ್ರೆ ಇನ್ನೊಂದು ಸಲ ಅನ್ನಬಹುದು. ಮೇಲೆ ಹಾಗಿಲ್ಲ." ಅವರು ತಮ್ಮ ಎಡಗೈಯನ್ನು ತಿರುಗಿಸಿ ನೋಡಿಕೊಳ್ಳುತ್ತಾರೆ. "ಎಂಜಿನ್ ಕೈಕೊಟ್ಟಿದ್ದು ಮೂರು ಸಲ. ಕೈಯೇ ಕೈಕೊಟ್ಟಿದ್ದು ಇದೇ ಮೊದಲು."

ಮೆಕ್ಯಾನಿಕ್ ಕಣ್ಣೊರೆಸಿಕೊಳ್ಳುತ್ತಾರೆ. ಗ್ರೀಸು ಕೆನ್ನೆಗೆಲ್ಲ ಮೆತ್ತುತ್ತದೆ. ಪೈಲಟ್ ಅಲ್ಲೇ ಕೂತು ಫೋನು ಮಾಡುತ್ತಾರೆ. ಆ ಕಡೆ ಇರುವುದು ಪ್ರದರ್ಶನಗಳಲ್ಲಿ ಹಾರಿಸುವ ಪೈಲಟ್, ಮೂವತ್ತೈದರ ಹೆಣ್ಣುಮಗಳು. ಉಲ್ಟಾ ಥ್ರಾಟಲ್ಲಿನ ಹಳೆಯ ವಿಮಾನವೊಂದರಲ್ಲೇ ಎರಡು ವರ್ಷ ಪಳಗಿದ್ದಾರೆ. "ನಾಳೆ ಬೆಳಿಗ್ಗೆ ಆರಕ್ಕೆ ಬಾಮ್ಮ. ನಾಲ್ಕು ದಿನ ಕಣ್ಣು ಮುಚ್ಚಿ ಕೂರಬೇಕು. ಗುರುವಾರ ಅಜ್ಜಿ ನಿನ್ನ ಪಾಲಿಗೆ," ಎನ್ನುತ್ತಾರೆ.

ಆಮೇಲೆ ಅವರೂ ನಾನೂ ಶೆಡ್ಡಿನ ಹೊರಗೆ ಕಬ್ಬಿಣದ ಪೆಟ್ಟಿಗೆಯ ಮೇಲೆ ಕೂತು ಚಹಾ ಕುಡಿಯುತ್ತೇವೆ. ಮಂಜು ಕರಗುತ್ತಿದೆ. ಓಡುದಾರಿಯ ಆ ತುದಿ ಈಗಷ್ಟೇ ಕಾಣತೊಡಗಿದೆ. ಬೇಜಾರಾಯಿತೇ ಎಂದು ಕೇಳಬಾರದೆಂದುಕೊಂಡೇ ಕೇಳುತ್ತೇನೆ.

"ಆಗದೆ ಇರುತ್ತಾ?" ಅವರು ಚಹಾವನ್ನು ಊದಿ ಊದಿ ಆರಿಸುತ್ತಾರೆ. "ಆದ್ರೆ ಒಂದು ಆಸೆ ಹುಟ್ಟಿದೆ ನೋಡಿ, ಈಗ ತಾನೇ. ಮೂವತ್ತನಾಲ್ಕು ವಿಮಾನ ಮೊದಲ ಸಲ ನೆಲ ಬಿಟ್ಟವಲ್ಲ, ಇಲ್ಲಿದ್ದವರೆಲ್ಲ ನೋಡಿದಾರೆ, ಅತ್ತಿದಾರೆ, ಚಪ್ಪಾಳೆ ಹೊಡೆದಿದಾರೆ. ನಾನು ಒಂದನ್ನೂ ನೋಡಿಲ್ಲ. ಒಳಗೆ ಕೂತವನಿಗೆ ಹೇಗೆ ಕಾಣುತ್ತೆ, ಹೇಳಿ? ಗುರುವಾರ ಇಲ್ಲೇ, ಈ ಹುಲ್ಲಿನ ಮೇಲೆ ನಿಂತು ನೋಡಬೇಕು."