ಸಿರವಾರದ ಕಡೆಗೆ ತಿರುಗಿದ ಕಾರು

ದೆವ್ವ, ಶಕುನ ಯಾವುದನ್ನೂ ನಾನು ನಂಬಿದವನಲ್ಲ. ಮನುಷ್ಯರನ್ನೂ ಬೇಗ ನಂಬುವುದಿಲ್ಲ, ಅದು ಬೇರೆ ಮಾತು. ಮಜ್ಜಿಗೆಯನ್ನೂ ಊದಿ ಕುಡಿಯುವವನು ಎಂದು ಮನೆಯವರು ನಗುತ್ತಾರೆ. ಅಂಥವನಿಗೆ ಹೀಗಾಯಿತು.

ಭತ್ತದ ಸುಗ್ಗಿಯ ಒಂದು ಮಧ್ಯಾಹ್ನ ಕೆಲಸದ ಮೇಲೆ ದೇವದುರ್ಗದಲ್ಲಿದ್ದೆ. ರಾಯಚೂರಿನಿಂದ ಅವ್ವನ ಫೋನು ಬಂತು. ಹೆರಿಗೆಯಾದ ತಂಗಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ, ಅವಳ ಗುಂಪಿನ ರಕ್ತ ಸಿಗುತ್ತಿಲ್ಲ, ಮನೆಯಲ್ಲಿ ಹೊಂದುವುದು ನನ್ನೊಬ್ಬನದೇ. ಮುಂಜಾನೆ ರಾಯಚೂರಿನಿಂದ ಬಾಡಿಗೆ ಕಾರಿನಲ್ಲಿ ಗಬ್ಬೂರಿನ ನೇರ ದಾರಿಯಿಂದ ಸರಾಗವಾಗಿ ಬಂದಿದ್ದೆವು. ಹಾಗೇ ಹೋಗಬಹುದೆಂದು ಹಿಂದಿನ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿದೆ.

ಕಣ್ಣು ತೆರೆದರೆ ಕಾರು ಸಿರವಾರದ ರಸ್ತೆಯಲ್ಲಿದೆ! ಅಂದರೆ ಮಾನ್ವಿ ಸುತ್ತಿಕೊಂಡು ಹೋಗುವುದು, ಹೆಚ್ಚುಕಡಿಮೆ ಎರಡರಷ್ಟು ದೂರ. ಡ್ರೈವರ್ ಹುಸೇನಪ್ಪ ತುಟಿ ಬಿಚ್ಚಲಿಲ್ಲ. ಬಾಡಿಗೆ ಏರಿಸಲು ಸುತ್ತಿಸುತ್ತಿದ್ದಾನೆ ಎಂದು ಕುದಿದೆ. ಜಗಳಕ್ಕೆ ನಿಂತರೆ ನಡುದಾರಿಯಲ್ಲಿ ಇಳಿಸಿಬಿಟ್ಟಾನೆಂದು ಹಲ್ಲು ಕಚ್ಚಿ ಸುಮ್ಮನಿದ್ದೆ. ಕನ್ನಡಿಯಲ್ಲಿ ಅವನೂ ನನ್ನನ್ನು ಕದ್ದು ನೋಡುತ್ತಿದ್ದ.

ರಸ್ತೆ ಮಾತ್ರ ಖಾಲಿಯಿತ್ತು. ಹೊತ್ತಿಗೆ ಮುಟ್ಟಿದೆವು, ರಕ್ತ ಕೊಟ್ಟೆ, ತಂಗಿ ಉಳಿದಳು.

ಆಸ್ಪತ್ರೆಯ ಹೊರಗೆ ಬಂದಾಗ ಹುಸೇನಪ್ಪ ಬೇರೆ ಡ್ರೈವರುಗಳಿಂದ ಸುದ್ದಿ ತಂದಿದ್ದ. ಬಿಸಿಲೇರಿದ ಮೇಲೆ ಗಬ್ಬೂರಿನ ದಾರಿಯಲ್ಲಿ, ರಾಯಚೂರಿಗೆ ಬರುವ ಬದಿಯ ಡಾಂಬರಿನ ಮೇಲೆಲ್ಲ ಭತ್ತ ಒಣಹಾಕಿ ಕಲ್ಲು ಅಡ್ಡ ಇಟ್ಟಿದ್ದಾರಂತೆ. ದೇವದುರ್ಗಕ್ಕೆ ಹೋಗುವವರಿಗೆ ದಾರಿ ಸಲೀಸು. ಇತ್ತ ಬರುವವರು ಲೋಡ್ ಟ್ರ್ಯಾಕ್ಟರುಗಳ ಹಿಂದೆ ನಿಂತಲ್ಲೇ ನಿಂತಿದ್ದಾರಂತೆ.

"ನಿಮಗ ಹ್ಯಾಂಗ ಗೊತ್ತಾತ್ರೀ ಸರ್?" ಎಂದ.

"ನನಗೆಲ್ಲಿ ಗೊತ್ತು? ತಿರುಗಿಸಿದಾಂವ ನೀನಲ್ಲೇನು!"

"ಹಿಂದ ಕುಂತು ನೀವ ಹೇಳಿದ್ರಲ್ರೀ, ಭತ್ತ ಹಾಕ್ಯಾರ, ಮಾನ್ವಿ ಮ್ಯಾಲೆ ನಡಿ ಅಂತ. ಸಾಹೇಬ್ರ ತಲಿ ಕೆಟ್ಟದ ಅನ್ಕೊಂಡು ಬಾಯಿ ಮುಚ್ಕೊಂಡು ಬಂದೆ."

ಭತ್ತದ ವಿಷಯ ನನಗೆ ಗೊತ್ತೇ ಇರಲಿಲ್ಲ. ಇವನೇ ಕಥೆ ಕಟ್ಟುತ್ತಿದ್ದಾನೆ ಎಂದುಕೊಂಡು ಒಳಗೆ ಹೋದೆ. ಅವ್ವ ತಂಗಿಯ ತಲೆ ಸವರುತ್ತಿದ್ದಳು.

"ಎಚ್ಚರ ತಪ್ಪಿದಾಗ ಏನೇನೋ ಬಡಬಡಿಸಿದ್ಳು ನೋಡು ಯಪ್ಪಾ. ಅಣ್ಣಾ, ಭತ್ತ ಹಾಕ್ಯಾರ, ಮಾನ್ವಿ ಮ್ಯಾಲೆ ಬಾ ಅಂತಿದ್ಳು."

ನಿಜ ಹೇಳುತ್ತೇನೆ, ಹೆತ್ತ ತಾಯಿಯ ಮೇಲೂ ಅನುಮಾನಪಟ್ಟೆ. ಹುಸೇನಪ್ಪ ಹೇಳಿಕೊಟ್ಟಿರಬೇಕು ಎಂದುಕೊಂಡೆ. ಆದರೆ ಅವನು ಆಸ್ಪತ್ರೆಯೊಳಗೆ ಕಾಲಿಟ್ಟಿರಲಿಲ್ಲ, ಅವ್ವ ತಂಗಿಯನ್ನು ಬಿಟ್ಟು ಕದಲಿರಲಿಲ್ಲ. ತಂಗಿಯನ್ನು ಕೇಳಿದರೆ ಏನೂ ನೆನಪಿಲ್ಲ ಎನ್ನುತ್ತಾಳೆ.

ಇದಕ್ಕೆ ಅರ್ಥ ಇಂದಿಗೂ ನನಗೆ ಸಿಕ್ಕಿಲ್ಲ. ಈಗಲೂ ರಾಯಚೂರಿಗೆ ಹೊರಡುವ ಮುಂಚೆ ತಂಗಿಗೆ ಫೋನು ಮಾಡುತ್ತೇನೆ. "ಯಾವ ದಾರಿ ಹಿಡಿದು ಬರ್ತಿ ಅಣ್ಣಾ?" ಎಂದು ಕೇಳುತ್ತಾಳೆ. ಅವಳೇ ಹೇಳಲಿ ಎಂದು ನಾನು ಸುಮ್ಮನೆ ಕಾಯುತ್ತೇನೆ.